"ಮೊದಲು ಆತ್ಮವಿಶ್ವಾಸ ಬರಲಿ, ಆಮೇಲೆ ಓದುತ್ತೇನೆ" ಅನ್ನುವವರಿಗೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವನು. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ, ಸರ್ಕಾರಿ ಶಾಲೆ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಿದ್ದೆ. ಸಿಇಟಿಯಲ್ಲಿ ಕನ್ನಡ ಮಾಧ್ಯಮ ಕೋಟಾದಡಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಈಗ ಎರಡನೇ ಸೆಮಿಸ್ಟರ್. ಮೊದಲ ಸೆಮ್‌ನ ಗಣಿತದಲ್ಲಿ ಫೇಲಾಗಿ ಬ್ಯಾಕ್ ಉಳಿದಿದೆ. ಓದಲು ಕೂತರೆ ಸ್ವಲ್ಪ ಹೊತ್ತಿಗೇ ಮೊಬೈಲ್ ಕೈಗೆ ಬಂದಿರುತ್ತದೆ. ಮೋಟಿವೇಶನ್ ವಿಡಿಯೋ ನೋಡಿದರೆ ಒಂದೆರಡು ದಿನ ಹುರುಪು ಇರುತ್ತದೆ, ಆಮೇಲೆ ಮತ್ತೆ ಅದೇ. 'ನನ್ನಿಂದ ಆಗಲ್ಲ' ಅನ್ನೋದು ತಲೆಯಲ್ಲಿ ಕೂತುಬಿಟ್ಟಿದೆ. ಮೊದಲು ಆತ್ಮವಿಶ್ವಾಸ ಬೆಳೆಸಿಕೊಳ್ಳೋದು ಹೇಗೆ ಹೇಳಿ ಮೇಡಂ, ಅದು ಬಂದರೆ ಓದು ತಾನಾಗೇ ಆಗುತ್ತದೆ. ಇಲ್ಲಾಂದ್ರೆ ಇದನ್ನು ಬಿಟ್ಟು ಬಿಎಸ್ಸಿಗೆ ಸೇರಿಬಿಡಲಾ?

ಉತ್ತರ:

ಮೊದಲು ಆತ್ಮವಿಶ್ವಾಸ, ಆಮೇಲೆ ಓದು. ನಿಮ್ಮ ಲೆಕ್ಕ ಇದು. ನನ್ನ ಹತ್ತಿರ ಮಾತಾಡಲು ಬರುವ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಇದೇ ಲೆಕ್ಕ ಹಾಕಿಕೊಂಡು ಕಾಯುತ್ತಾ ಕೂತಿರುತ್ತಾರೆ. ಇಡೀ ಸೆಮಿಸ್ಟರ್ ಹಾಗೇ ಕಾದವರೂ ಇದ್ದಾರೆ. ನೇರವಾಗಿ ಹೇಳಿಬಿಡುತ್ತೇನೆ, ಈ ಕ್ರಮ ಉಲ್ಟಾ ಆಗಿದೆ. ನನ್ನಿಂದ ಆಗುತ್ತದೆ ಅನ್ನುವ ನಂಬಿಕೆ ಹುಟ್ಟುವುದೇ ಕೈಯಾರೆ ಮಾಡಿ ಮುಗಿಸಿದ ಕೆಲಸದಿಂದ. ಅದು ಬರಲಿ ಅಂತ ಕಾದರೆ ಬರುವುದಿಲ್ಲ. ಹಾಗಂತ ನಂಬಿಕೆಗೆ ಬೆಲೆ ಇಲ್ಲ ಅಂತಲ್ಲ, ತುಂಬಾ ಇದೆ. ಆದರೆ ಅದನ್ನು ಬೆಳೆಸಬೇಕಾದ ಜಾಗ ನೀವು ಹುಡುಕುತ್ತಿರುವ ಜಾಗ ಅಲ್ಲ.

ಈ ವಿಷಯದಲ್ಲಿ ಎಲ್ಲರಿಗಿಂತ ದೊಡ್ಡ ಕೆಲಸ ಮಾಡಿದವರು ಆಲ್ಬರ್ಟ್ ಬಂಡೂರಾ. ಕೆನಡಾದಲ್ಲಿ ಹುಟ್ಟಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ದಶಕಗಟ್ಟಲೆ ಇದ್ದು, 2021ರಲ್ಲಿ ತೀರಿಕೊಂಡ ಮನಶ್ಶಾಸ್ತ್ರಜ್ಞರು. 1970ರ ದಶಕದಲ್ಲಿ ಅವರು ಹಾವಿಗೆ ವಿಪರೀತ ಹೆದರುವ ಜನರ ಜೊತೆ ಕೆಲಸ ಮಾಡಿದರು. ಬೇರೆಯವರು ಹಾವು ಹಿಡಿಯುವುದನ್ನು ನೋಡಿದವರಿಗೂ ಸ್ವಲ್ಪ ಧೈರ್ಯ ಬಂತು. ಆದರೆ ಯಾರನ್ನು ಜೊತೆಯಲ್ಲಿ ನಿಂತು ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಕರೆದುಕೊಂಡು ಹೋಗಿ, ಅವರ ಕೈಯಲ್ಲೇ ಮುಟ್ಟಿಸಿದರೋ ಅವರ ನಂಬಿಕೆ ಎಲ್ಲರಿಗಿಂತ ಜಾಸ್ತಿ ಬೆಳೆಯಿತು. 1977ರಲ್ಲಿ ಬಂಡೂರಾ ಇದನ್ನೆಲ್ಲ ಒಂದು ಸಿದ್ಧಾಂತವಾಗಿ ಬರೆದರು. ನಂಬಿಕೆಗೆ ನಾಲ್ಕು ಮೂಲ ಅಂದರು: ನಾವೇ ಮಾಡಿ ಗೆದ್ದದ್ದು, ನಮ್ಮಂಥವರು ಗೆದ್ದದ್ದನ್ನು ನೋಡಿದ್ದು, ಬೇರೆಯವರು ಹೇಳಿದ ಮಾತು, ಮತ್ತೆ ಆ ಹೊತ್ತಿಗೆ ನಮ್ಮ ಮೈ ಮನಸ್ಸು ಇರುವ ಸ್ಥಿತಿ. ಇದರಲ್ಲಿ ಮೊದಲನೆಯದರ ಬಲವೇ ಬಲ. ನೀವು ನೋಡುವ ಮೋಟಿವೇಶನ್ ವಿಡಿಯೋ ಮೂರನೆಯದು, ಬರೀ ಮಾತು. ಅದಕ್ಕೇ ಎರಡು ದಿನಕ್ಕೆ ಇಳಿದುಹೋಗುತ್ತದೆ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಅದರ ಆಯುಷ್ಯವೇ ಅಷ್ಟು.

ಇನ್ನೊಂದು ವಿಷಯ. ಬಂಡೂರಾ ಹೇಳುವ ನಂಬಿಕೆ ಒಟ್ಟಾರೆ 'ನಾನು ಗಟ್ಟಿ ಮನುಷ್ಯ' ಅನ್ನುವುದರ ಬಗ್ಗೆ ಅಲ್ಲ. ಈ ಒಂದು ಕೆಲಸ, ಈ ರೀತಿಯ ಲೆಕ್ಕ, ಈ ಪೇಪರ್ ನನ್ನ ಕೈಲಾಗುತ್ತದಾ ಅನ್ನುವ ಅಂದಾಜು, ಅಷ್ಟೇ. ನೀವು ಹಳ್ಳಿಯಲ್ಲಿ ಟ್ರ್ಯಾಕ್ಟರ್ ಓಡಿಸಲು ಒಂಚೂರೂ ಅಳುಕದೇ ಇರಬಹುದು, ಕಬಡ್ಡಿಯಲ್ಲಿ ಮುಂದೆ ನುಗ್ಗುವವರಿರಬಹುದು, ಅದೇ ನೀವು ಕ್ಲಾಸಿನಲ್ಲಿ ಬೋರ್ಡಿಗೆ ಕರೆದರೆ ಬೆವರಬಹುದು. ಒಬ್ಬನೇ ಮನುಷ್ಯ. ಹಾಗಾಗಿ 'ನನಗೆ ಆತ್ಮವಿಶ್ವಾಸ ಇಲ್ಲ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾವುದರಲ್ಲಿ ಇಲ್ಲ ಅಂತ ಕೇಳುತ್ತೇನೆ. ನಿಮ್ಮ ಪತ್ರ ನೋಡಿದರೆ, ಮೊದಲ ಸೆಮ್‌ನ ಉಳಿದ ವಿಷಯಗಳೆಲ್ಲ ಪಾಸಾಗಿವೆ. ಒಂದೇ ಒಂದು ಪೇಪರ್ ನಿಂತಿದೆ. 'ನನ್ನಿಂದ ಆಗಲ್ಲ' ಅಂತ ಇಡೀ ಬದುಕಿಗೆ ಷರಾ ಬರೆಯಲು ಇದು ಸಾಲದು ಅಲ್ವಾ?

ನಂಬಿಕೆಗೂ ಮಾರ್ಕ್ಸಿಗೂ ಸಂಬಂಧ ಇರುವುದು ನಿಜ. 2012ರಲ್ಲಿ ಬ್ರಿಟನ್ನಿನ ಸಂಶೋಧಕರು 1997ರಿಂದ 2010ರವರೆಗೆ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮಾರ್ಕ್ಸಿನ ಜೊತೆ ಎಲ್ಲಕ್ಕಿಂತ ಬಲವಾಗಿ ಹೊಂದಿಕೊಂಡಿದ್ದು 'ಈ ಕೋರ್ಸಿನಲ್ಲಿ ನಾನು ಇಷ್ಟು ತೆಗೆಯಬಲ್ಲೆ' ಅನ್ನುವ ಖಚಿತ ಅಂದಾಜು. ಬೇಜಾರಾದರೂ ಎದ್ದು ಹೋಗದೆ ಕೂರುವ ಅಭ್ಯಾಸಕ್ಕೂ ಮಾರ್ಕ್ಸಿನ ಜೊತೆ ಒಂದು ಮಟ್ಟದ ಸಂಬಂಧ ಕಂಡಿತು. ಇದನ್ನು ಓದಿದವರು ತಕ್ಷಣ 'ನೋಡಿದ್ರಾ, ನಂಬಿದರೆ ಮಾರ್ಕ್ಸ್ ಬರುತ್ತೆ' ಅಂದುಬಿಡುತ್ತಾರೆ. ಅವಸರ ಬೇಡ. ಮೊದಲೇ ಚೆನ್ನಾಗಿ ಮಾಡುತ್ತಿದ್ದವನಿಗೆ ಮುಂದೆಯೂ ಬರುತ್ತದೆ ಅನ್ನಿಸುವುದು ಸಹಜ ತಾನೇ? ಇವೆರಡರಲ್ಲಿ ಯಾವುದು ಯಾವುದನ್ನು ಎಳೆಯುತ್ತದೆ ಅಂತ ಆಸ್ಟ್ರೇಲಿಯಾದ ಸಂಶೋಧಕರು 2018ರಲ್ಲಿ ಬೇರೆ ಬೇರೆ ಅಧ್ಯಯನಗಳನ್ನು ಕೂಡಿಸಿ ನೋಡಿದರು. ಎರಡೂ ದಿಕ್ಕಿನಲ್ಲಿ ಎಳೆತ ಇತ್ತು. ಆದರೆ ಮಾಡಿದ ಕೆಲಸ ನಂಬಿಕೆಯನ್ನು ಎಳೆಯುವ ಬಲ, ನಂಬಿಕೆ ಕೆಲಸವನ್ನು ಎಳೆಯುವ ಬಲಕ್ಕಿಂತ ಜಾಸ್ತಿ ಇತ್ತು. ಶುರುವಿನಲ್ಲಿ ಕ್ರಮ ಉಲ್ಟಾ ಅಂದೆನಲ್ಲ, ಅದಕ್ಕೆ ಆಧಾರ ಇದು.

ಈಗ ನಿಮ್ಮ ಓದುವ ರೀತಿಗೆ ಬರೋಣ. ನನ್ನ ಪ್ರಕಾರ ಗಂಟು ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ನಂಬಿಕೆ ಕಮ್ಮಿ ಇದ್ದಾಗ ನಮಗೆ ಗೊತ್ತಿಲ್ಲದೇನೇ ನಾವೊಂದು ಕೆಲಸ ಮಾಡುತ್ತೇವೆ. ಸೋಲು ಕಣ್ಣಿಗೆ ಬೀಳದಂಥ ಓದನ್ನೇ ಆರಿಸಿಕೊಳ್ಳುತ್ತೇವೆ. ಝೆರಾಕ್ಸ್ ನೋಟ್ಸನ್ನು ಮತ್ತೊಂದು ಸಲ ಓದುವುದು, ಬಣ್ಣದ ಪೆನ್ನಲ್ಲಿ ಗೆರೆ ಎಳೆಯುವುದು, ಬಿಡಿಸಿಟ್ಟ ಲೆಕ್ಕವನ್ನು ನೀಟಾಗಿ ಇನ್ನೊಂದು ಪುಸ್ತಕಕ್ಕೆ ಕಾಪಿ ಮಾಡುವುದು, ಯೂಟ್ಯೂಬಿನಲ್ಲಿ ಮೇಷ್ಟ್ರು ಲೆಕ್ಕ ಬಿಡಿಸುವುದನ್ನು ನೋಡುತ್ತಾ ತಲೆ ಆಡಿಸುವುದು. ಇವುಗಳಲ್ಲಿ ಯಾವುದರಲ್ಲೂ 'ನಿನಗೆ ಬರಲ್ಲ' ಅಂತ ಯಾರೂ ಹೇಳುವುದಿಲ್ಲ. ಹಿತವಾಗಿರುತ್ತದೆ. ಪುಸ್ತಕ ಮುಚ್ಚಿ, ಖಾಲಿ ಹಾಳೆ ಎದುರಿಗಿಟ್ಟು, ಒಂದು ಲೆಕ್ಕ ಬಿಡಿಸಲು ಹೊರಟರೆ ಮಾತ್ರ ನಿಜ ಗೊತ್ತಾಗುತ್ತದೆ. ಆ ನಿಜಕ್ಕೆ ಹೆದರಿ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತೇವೆ. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಸಾಕಾಗುವಷ್ಟು ಆಯ್ದ ಪ್ರಶ್ನೆಗಳ ಕಟ್ಟು, ಹುಡುಕುತ್ತೇವೆ, ಯಾವ ಮಾಡ್ಯೂಲ್ ಬಿಡಬಹುದು ಅಂತ ಸೀನಿಯರ್ ಹತ್ತಿರ ಕೇಳುತ್ತೇವೆ.

ಪಾಸಿಂಗ್ ಪ್ಯಾಕೇಜಿನ ಬಗ್ಗೆ ನನಗೆ ನಿಜವಾದ ಬೇಸರ ಇದೆ. ಅದು ಕಳ್ಳದಾರಿ ಅನ್ನುವ ಕಾರಣಕ್ಕಲ್ಲ. ಕೊನೆ ಗಳಿಗೆಯಲ್ಲಿ ಇಂಪಾರ್ಟೆಂಟ್ ಪ್ರಶ್ನೆ ನೋಡಿಕೊಳ್ಳುವುದು ಯಾವ ಕಾಲದಲ್ಲೂ ಇತ್ತು. ಬೇಸರ ಯಾಕೆ ಅಂದರೆ, ಅದರಿಂದ ಪಾಸಾದರೆ 'ಲಕ್ಕು ಚೆನ್ನಾಗಿತ್ತು, ಅದೇ ಪ್ರಶ್ನೆ ಬಂತು' ಅನ್ನಿಸುತ್ತದೆ. ಫೇಲಾದರೆ 'ನಾನು ದಡ್ಡ ಅನ್ನೋದು ಪಕ್ಕಾ ಆಯ್ತು' ಅನ್ನಿಸುತ್ತದೆ. ಗೆದ್ದರೆ ಅದು ನಿಮ್ಮ ಗೆಲುವಲ್ಲ, ಸೋತರೆ ಮಾತ್ರ ನಿಮ್ಮ ಸೋಲು! ಇಂಥ ಆಟದಲ್ಲಿ ನಂಬಿಕೆ ಬೆಳೆಯುವುದಾದರೂ ಹೇಗೆ? ನಾಲ್ಕು ವರ್ಷ ಹೀಗೇ ದಾಟಿ, ಕೈಯಲ್ಲಿ ಡಿಗ್ರಿ ಇದ್ದರೂ ಇಂಟರ್‌ವ್ಯೂಗೆ ಹೋಗಲು ನಡುಗುವ ಹುಡುಗ ಹುಡುಗಿಯರನ್ನು ನೋಡಿದ್ದೇನೆ. ಅವರಿಗೆ ಬುದ್ಧಿ ಕಮ್ಮಿ ಇಲ್ಲ. 'ಇದನ್ನು ನಾನೇ ಮಾಡಿದೆ' ಅನ್ನಲು ಅವರ ಹತ್ತಿರ ಏನೂ ಉಳಿದಿರುವುದಿಲ್ಲ.

ಮತ್ತೆ ಮತ್ತೆ ಓದುವುದು ಎಷ್ಟು ಮೋಸ ಮಾಡುತ್ತದೆ ಅನ್ನುವುದಕ್ಕೆ 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಸಂಶೋಧಕರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ನೋಡಿ. ಒಂದು ಗುಂಪಿಗೆ ಒಂದು ಪಾಠವನ್ನು ನಾಲ್ಕು ಸರದಿ ಓದಲು ಹೇಳಿದರು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಉಳಿದ ಮೂರು ಸರದಿ ಪುಸ್ತಕ ನೋಡದೆ ನೆನಪಿಗೆ ಬಂದಿದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ, ಶೇ 83, ಬರೆದವರು ಶೇ 71. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಓದಿದವರಿಗೆ ನೆನಪಿದ್ದದ್ದು ಶೇ 40, ಬರೆದವರಿಗೆ ಶೇ 61. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ನಮಗೆ ಚೆನ್ನಾಗಿ ನೆನಪಿರುತ್ತದೆ ಅಂತ ಜಾಸ್ತಿ ನಂಬಿದ್ದವರು ಸುಮ್ನೆ ಓದಿದ ಗುಂಪಿನವರೇ. ಅಂದರೆ ಓದುತ್ತಾ ಇದ್ದರೆ ಬಂದಂತೆ ಅನ್ನಿಸುತ್ತದೆ, ಬಂದಿರುವುದಿಲ್ಲ. ಬರೆದು ನೋಡುತ್ತಿದ್ದರೆ ಬರುತ್ತಿಲ್ಲ ಅನ್ನಿಸುತ್ತದೆ, ಒಳಗೆ ಬಂದಿರುತ್ತದೆ. ನಿಮ್ಮ 'ನನ್ನಿಂದ ಆಗಲ್ಲ' ಅನ್ನುವ ಅನಿಸಿಕೆ ಎಷ್ಟು ಕೆಟ್ಟ ಸಾಕ್ಷಿ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಸರಿ, ಖಾಲಿ ಹಾಳೆ ಎದುರಿಗೆ ಕೂತರೆ ಏನಾಗುತ್ತದೆ? ನಿಮ್ಮ ಬ್ಯಾಕ್ ಪೇಪರಿನಿಂದಲೇ ಒಂದು ಲೆಕ್ಕ ತೆಗೆದುಕೊಳ್ಳೋಣ. ಪೋಲಾರ್ ಕರ್ವ್‌ಗಳ ಪಾಠದಲ್ಲಿ ಕಾರ್ಡಿಯಾಯ್ಡ್ ಅನ್ನುವ ಹೃದಯದ ಆಕಾರದ ವಕ್ರರೇಖೆ ಬರುತ್ತದೆ. ಆರ್ ಅಂದರೆ ಎ ಗುಣಿಸು ಒಂದು ಪ್ಲಸ್ ಕಾಸ್ ಥೀಟಾ. ಫೈ, ಅಂದರೆ ಮೂಲಬಿಂದುವಿನಿಂದ ಎಳೆದ ಗೆರೆಗೂ ವಕ್ರರೇಖೆಯ ಸ್ಪರ್ಶಕಕ್ಕೂ ನಡುವಿನ ಕೋನ, ಕಂಡುಹಿಡಿಯಿರಿ ಅಂತ ಕೇಳುತ್ತಾರೆ. ಎರಡೂ ಕಡೆ ಲಾಗ್ ತೆಗೆದುಕೊಳ್ಳುತ್ತೀರಿ. ಥೀಟಾಗೆ ಡಿಫರೆನ್ಶಿಯೇಟ್ ಮಾಡುತ್ತೀರಿ. ಎಡಗಡೆ ಬಂದದ್ದು ಕಾಟ್ ಫೈ. ಬಲಗಡೆ ಮೈನಸ್ ಸೈನ್ ಥೀಟಾ, ಕೆಳಗೆ ಒಂದು ಪ್ಲಸ್ ಕಾಸ್ ಥೀಟಾ. ಇಲ್ಲಿಯವರೆಗೂ ಬಹಳ ಹುಡುಗರು ಬರುತ್ತಾರೆ. ಇಲ್ಲಿ ಪೆನ್ನು ನಿಲ್ಲುತ್ತದೆ. ಮುಂದಿನ ಸಾಲಿಗೆ ಹೋಗಲು ಸೈನ್ ಥೀಟಾವನ್ನು ಅರ್ಧ ಥೀಟಾದಲ್ಲಿ ಬರೆಯಬೇಕು, ಒಂದು ಪ್ಲಸ್ ಕಾಸ್ ಥೀಟಾ ಅಂದರೆ ಎರಡು ಕಾಸ್ ಸ್ಕ್ವೇರ್ ಅರ್ಧ ಥೀಟಾ ಅಂತ ನೆನಪಿರಬೇಕು. ನೆನಪಿದ್ದರೆ ಮೈನಸ್ ಟ್ಯಾನ್ ಅರ್ಧ ಥೀಟಾ ಬರುತ್ತದೆ. ಅದನ್ನು ಕಾಟ್ ಆಗಿ ತಿರುಗಿಸಿದರೆ ಫೈ ಅಂದರೆ ಅರ್ಧ ಪೈ ಪ್ಲಸ್ ಅರ್ಧ ಥೀಟಾ. ಮುಗಿಯಿತು.

ಪೆನ್ನು ನಿಂತಿದ್ದು ಎಲ್ಲಿ ನೋಡಿ. ಎಂಜಿನಿಯರಿಂಗ್ ಗಣಿತದಲ್ಲಿ ಅಲ್ಲ, ಫಸ್ಟ್ ಪಿಯುಸಿಯ ತ್ರಿಕೋನಮಿತಿಯಲ್ಲಿ. ಅದೂ ಎರಡು ಸೂತ್ರ. ನೀವು ಕನ್ನಡ ಮೀಡಿಯಂನಿಂದ ಪಿಯುಸಿಗೆ ಬಂದ ಆ ಮೊದಲ ತಿಂಗಳುಗಳಲ್ಲಿ ಪಾಠ ಯಾವುದು, ಪದ ಯಾವುದು ಅಂತ ಒದ್ದಾಡುತ್ತಿದ್ದಾಗ ಈ ಪಾಠ ನಿಮ್ಮನ್ನು ದಾಟಿ ಹೋಗಿರುತ್ತದೆ. ನಿಮ್ಮಂಥವರಲ್ಲಿ ಬಹಳ ಜನಕ್ಕೆ ಹೀಗೇ ಆಗಿದೆ. ಹಾಳೆ ಮುಚ್ಚಿಟ್ಟು 'ನನಗೆ ಗಣಿತ ಬರಲ್ಲ' ಅಂದರೆ ಆ ರೋಗಕ್ಕೆ ಮದ್ದಿಲ್ಲ. 'ಅರ್ಧ ಕೋನದ ಸೂತ್ರ ಬರಲ್ಲ' ಅಂದರೆ ಒಂದು ಸಂಜೆಯ ಕೆಲಸ. ಇಷ್ಟನ್ನು ಕಂಡುಕೊಳ್ಳಲು ಖಾಲಿ ಹಾಳೆಯೇ ಬೇಕು, ಝೆರಾಕ್ಸ್ ನೋಟ್ಸಿನಲ್ಲಿ ಅದು ಕಾಣುವುದಿಲ್ಲ. ಅಲ್ಲಿ ಆ ಸಾಲು ಆರಾಮಾಗಿ ಮುಂದಿನ ಸಾಲಿಗೆ ಹೋಗಿಬಿಟ್ಟಿರುತ್ತದೆ.

ಹಾಗಾಗಿ ನಾನು ಹೇಳುವುದು ಇಷ್ಟು. ದಿನಕ್ಕೆ ಮೂರು ಲೆಕ್ಕ, ಪುಸ್ತಕ ಮುಚ್ಚಿ. ಕೈ ನಿಂತ ಕಡೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಹಾಕಿ, ಯಾಕೆ ನಿಂತೆ ಅಂತ ಪಕ್ಕದಲ್ಲಿ ನಾಲ್ಕು ಪದ ಬರೆಯಿರಿ. ಆಮೇಲೆ ಉತ್ತರ ತೆರೆದು ನೋಡಿ. ಮಾರನೇ ದಿನ ಅದೇ ಲೆಕ್ಕವನ್ನು ಮತ್ತೆ ಮುಚ್ಚಿ ಮಾಡಿ, ಮೂರು ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ನಿನ್ನೆ ಗೆರೆ ಬಿದ್ದ ಜಾಗವನ್ನು ಇವತ್ತು ದಾಟಿದರೆ ಅದನ್ನು ನೀವೇ ನೋಡುತ್ತೀರಿ. ಬಂಡೂರಾ ಹೇಳಿದ ಮೊದಲನೇ ಮೂಲ ಅಂದರೆ ಇದೇ. ದೊಡ್ಡ ಗೆಲುವೇ ಆಗಬೇಕು ಅಂತೇನಿಲ್ಲ, ನಿಮ್ಮದೇ ಆಗಿರಬೇಕು, ನಿಮ್ಮ ಕಣ್ಣಿಗೆ ಕಾಣಬೇಕು.

ಮೂರೇ ಲೆಕ್ಕ ಯಾಕೆ, ಹತ್ತು ಮಾಡ್ತೀನಿ ಅಂತ ನಿಮಗೆ ಅನ್ನಿಸಬಹುದು. ಬೇಡ. 1981ರಲ್ಲಿ ಬಂಡೂರಾ ಮತ್ತು ಡೇಲ್ ಶಂಕ್ ಕಳೆಯುವ ಲೆಕ್ಕದಲ್ಲಿ ತುಂಬಾ ಹಿಂದಿದ್ದ, ಗಣಿತ ಅಂದರೆ ಬೇಡ ಅನ್ನುತ್ತಿದ್ದ ಮಕ್ಕಳಿಗೆ 42 ಪುಟಗಳ ಅಭ್ಯಾಸ ಕೊಟ್ಟರು. ಕೆಲವರಿಗೆ ಒಂದು ಕೂರುವಿಕೆಗೆ ಆರು ಪುಟ ಮುಗಿಸುವ ಗುರಿ ಇಟ್ಟುಕೊಳ್ಳಿ ಅಂದರು. ಕೆಲವರಿಗೆ ಏಳು ಕೂರುವಿಕೆ ಮುಗಿಯುವ ಹೊತ್ತಿಗೆ 42 ಪುಟ ಮುಗಿಸಿ ಅಂದರು. ಇನ್ನು ಕೆಲವರಿಗೆ ಗುರಿಯನ್ನೇ ಹೇಳಲಿಲ್ಲ. ಒಟ್ಟು ಕೆಲಸ ಒಂದೇ. ಆದರೆ ಹತ್ತಿರದ ಗುರಿ ಇದ್ದವರು ಲೆಕ್ಕದಲ್ಲೂ ಮುಂದೆ ಹೋದರು, ನಂಬಿಕೆಯಲ್ಲೂ ಮುಂದೆ ಹೋದರು, ಕೊನೆಗೆ ಬಿಡುವಿನಲ್ಲಿ ತಾವಾಗೇ ಲೆಕ್ಕ ಬಿಡಿಸುವಷ್ಟು ಇಷ್ಟವೂ ಅವರಲ್ಲಿ ಹುಟ್ಟಿತು. ದೂರದ ಗುರಿ ಇದ್ದವರಿಗೂ ಗುರಿಯೇ ಇಲ್ಲದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. 'ಈ ಸಲ ಬ್ಯಾಕ್ ಕ್ಲಿಯರ್ ಮಾಡಲೇಬೇಕು' ಅನ್ನುವುದು ದೂರದ ಗುರಿ. ಅದು ದಿನಾ ನಿಮ್ಮನ್ನು ಹೆದರಿಸುತ್ತದೆ, ಇವತ್ತು ಸಂಜೆ ಏನು ಮಾಡಬೇಕು ಅಂತ ಹೇಳುವುದಿಲ್ಲ.

ಇಷ್ಟ ಆಮೇಲೆ ಹುಟ್ಟಿತು ಅನ್ನುವುದನ್ನು ಮತ್ತೊಮ್ಮೆ ಗಮನಿಸಿ. 'ಓದಲು ಮನಸ್ಸೇ ಬರಲ್ಲ' ಅಂತ ಬಹಳ ಜನ ಅನ್ನುತ್ತಾರೆ. ಬರದ ವಿಷಯದ ಮೇಲೆ ಯಾರಿಗೂ ಮನಸ್ಸು ಬರುವುದಿಲ್ಲ.

ಮೋಟಿವೇಶನ್ ವಿಡಿಯೋ ಮಾತು ಎತ್ತಿದಿರಲ್ಲ, ಪ್ರೇರಣೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯನ್ ಅಂತ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಇಬ್ಬರು ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಪ್ರೇರಣೆ ಎಷ್ಟಿದೆ ಅನ್ನುವುದಕ್ಕಿಂತ ಎಂಥದ್ದು ಅನ್ನುವುದು ಮುಖ್ಯ ಅಂತ ಅವರ ಮಾತು. ಬೈಗುಳಕ್ಕೋ ಬಹುಮಾನಕ್ಕೋ ಓದುವುದು ಒಂದು. 'ಊರಲ್ಲಿ ಮರ್ಯಾದೆ ಹೋಗುತ್ತೆ, ಅಪ್ಪನಿಗೆ ಮುಖ ತೋರಿಸೋದು ಹೇಗೆ' ಅಂತ ಒಳಗೇ ಚುಚ್ಚಿಸಿಕೊಂಡು ಓದುವುದು ಇನ್ನೊಂದು. 'ಇದು ನನಗೆ ಬೇಕಾದ ಕೆಲಸಕ್ಕೆ ಅಗತ್ಯ' ಅಂತ ಒಪ್ಪಿ ಓದುವುದು ಮತ್ತೊಂದು. ವಿಷಯವೇ ಖುಷಿ ಕೊಟ್ಟು ಓದುವುದು ಕೊನೆಯದು. ನಮ್ಮ ಮಕ್ಕಳಲ್ಲಿ ಜಾಸ್ತಿ ನೋಡುವುದು ಎರಡನೆಯದು. ಮೊದಲ ತಲೆಮಾರಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಂತೂ ಇದೇ. ಅಪ್ಪ ಅಮ್ಮ ಸಾಲ ಮಾಡಿ ಕಳಿಸಿದ್ದಾರೆ, ಊರಿನವರೆಲ್ಲ 'ಎಂಜಿನಿಯರ್' ಅಂತ ಈಗಲೇ ಕರೆಯುತ್ತಾರೆ. ಈ ಭಾರ ನಿಮ್ಮನ್ನು ಪುಸ್ತಕದ ಮುಂದೆ ಕೂರಿಸುತ್ತದೆ ನಿಜ. ಆದರೆ ಕೂತ ಕೂಡಲೇ ಹೆದರಿಕೆಯೂ ಪಕ್ಕದಲ್ಲೇ ಬಂದು ಕೂರುತ್ತದೆ, ಆ ಹೆದರಿಕೆಯಿಂದ ತಪ್ಪಿಸಿಕೊಳ್ಳಲು ಕೈ ಮೊಬೈಲಿಗೆ ಹೋಗುತ್ತದೆ. ನಿಮ್ಮ ಮೊಬೈಲ್ ಸಮಸ್ಯೆಯಲ್ಲಿ ಅರ್ಧ ಭಾಗ ಇದೇ ಅಂತ ನನಗನ್ನಿಸುತ್ತದೆ. ಫೋನನ್ನು ಬೇರೆ ರೂಮಿನಲ್ಲಿಡಿ, ಅದು ಒಳ್ಳೆಯದೇ. ಆದರೆ ಮುಂದಿರುವ ಲೆಕ್ಕ ಎಲ್ಲಿ ಶುರು ಮಾಡಬೇಕು ಅಂತ ಗೊತ್ತಾಗುವಷ್ಟು ಚಿಕ್ಕದಾದರೆ ತಪ್ಪಿಸಿಕೊಳ್ಳುವ ಅಗತ್ಯವೇ ಕಮ್ಮಿಯಾಗುತ್ತದೆ.

ನೀವು ಗಣಿತವನ್ನು ಪ್ರೀತಿಸಬೇಕು ಅಂತ ನಾನು ಹೇಳುವುದಿಲ್ಲ. ಮೂರನೇ ಬಗೆಯ ಪ್ರೇರಣೆ, ಅಂದರೆ ಅಗತ್ಯ ಅಂತ ಒಪ್ಪಿ ಓದುವುದು, ಸಾಕು. ಈ ಪೇಪರ್ ಯಾಕೆ ಬೇಕು ಅಂತ ನಿಮ್ಮದೇ ಮಾತಿನಲ್ಲಿ ಒಂದೆರಡು ಸಾಲು ಬರೆದಿಡಿ. ಅಪ್ಪನಿಗಾಗಿ ಅಂತ ಬರೆಯಬೇಡಿ, ಅದು ಈಗಾಗಲೇ ನಿಮ್ಮ ತಲೆ ಮೇಲಿದೆ. ನಿಮ್ಮ ಬ್ರಾಂಚಿನಲ್ಲಿ ಮುಂದಿನ ಸೆಮ್‌ಗಳಲ್ಲಿ ಯಾವ ವಿಷಯಕ್ಕೆ ಈ ಗಣಿತ ಬೇಕಾಗುತ್ತದೆ ಅಂತ ಮೂರನೇ ವರ್ಷದ ಸೀನಿಯರ್ ಒಬ್ಬರನ್ನು ಕೇಳಿ ತಿಳಿದುಕೊಳ್ಳಿ, ಆಮೇಲೆ ಬರೆಯಿರಿ.

ಸೀನಿಯರ್ ಅಂದೆನಲ್ಲ, ಯಾರನ್ನು ಕೇಳುತ್ತೀರಿ ಅನ್ನುವುದೂ ಮುಖ್ಯ. ಬಂಡೂರಾ ಹೇಳಿದ ಎರಡನೇ ಮೂಲ, ನಮ್ಮಂಥವರು ಗೆದ್ದದ್ದನ್ನು ನೋಡುವುದು. 'ನಮ್ಮಂಥವರು' ಅನ್ನುವುದನ್ನು ಬಿಡಬೇಡಿ. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಶಾಲೆಯಿಂದ ಬಂದ ಟಾಪರ್ ಎಷ್ಟೇ ಒಳ್ಳೆಯವನಾದರೂ ಅವನನ್ನು ನೋಡಿ ನಿಮಗೆ ಧೈರ್ಯ ಬರುವುದಿಲ್ಲ, ಅಳುಕೇ ಜಾಸ್ತಿಯಾಗಬಹುದು. ನಿಮ್ಮ ಕಾಲೇಜಿನಲ್ಲಿ ಕನ್ನಡ ಮೀಡಿಯಂನಿಂದ ಬಂದು, ಮೊದಲ ವರ್ಷ ಒಂದೋ ಎರಡೋ ಬ್ಯಾಕ್ ಉಳಿಸಿಕೊಂಡು, ಆಮೇಲೆ ದಾಟಿದವರು ಖಂಡಿತ ಇರುತ್ತಾರೆ. ಅವರನ್ನು ಹುಡುಕಿ. 'ಹೇಗಣ್ಣ ಪಾಸಾದೆ' ಅಂತ ಕೇಳಬೇಡಿ, 'ಆಗಿಬಿಡ್ತು ಬಿಡೋ' ಅನ್ನುತ್ತಾರೆ. 'ಎಲ್ಲಿ ಸಿಕ್ಕಿಹಾಕಿಕೊಂಡಿದ್ದೆ, ಅದಕ್ಕೆ ಏನು ಮಾಡಿದೆ' ಅಂತ ಕೇಳಿ. 1982ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಿಲ್ಸನ್ ಮತ್ತು ಲಿನ್ವಿಲ್ ಅನ್ನುವವರು ಮಾರ್ಕ್ಸಿನ ಚಿಂತೆಯಲ್ಲಿದ್ದ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಇಂಥದ್ದನ್ನೇ ತೋರಿಸಿದರು. ಮೊದಲ ವರ್ಷ ಕಮ್ಮಿ ಬರುವುದು ಮಾಮೂಲು, ಆಮೇಲೆ ಬಹಳ ಜನರದ್ದು ಏರುತ್ತದೆ ಅಂತ ಸೀನಿಯರ್‌ಗಳೇ ಹೇಳುವ ವಿಡಿಯೋ ತೋರಿಸಿದರು. ಅದನ್ನು ನೋಡಿದವರಲ್ಲಿ ಕಾಲೇಜು ಬಿಟ್ಟವರು ಕಮ್ಮಿ. ಗುಂಪು ಚಿಕ್ಕದು, ಹಾಗಾಗಿ ಇದರ ಮೇಲೆ ದೊಡ್ಡ ಮಾತು ಕಟ್ಟುವುದಿಲ್ಲ. ಆದರೆ 'ನಾನೊಬ್ಬನೇ ಹೀಗೆ' ಅನ್ನುವ ಭಾವನೆ ಎಷ್ಟು ಜನರನ್ನು ತಿನ್ನುತ್ತದೆ ಅಂತ ದಿನಾ ನೋಡುವವಳಾಗಿ ನನಗೆ ಇದು ನಿಜ ಅನ್ನಿಸುತ್ತದೆ.

ಭಾಷೆಯ ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಪಾಠವನ್ನು ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಗೆಳೆಯನಿಗೆ ಕನ್ನಡದಲ್ಲೇ ಹೇಳಿಕೊಡಿ, ಹೇಳುವಾಗ ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೆ ಇನ್ನೂ ಬಂದಿಲ್ಲ. ಆದರೆ ಉತ್ತರ ಬರೆದು ನೋಡುವಾಗ ಇಂಗ್ಲಿಷಿನಲ್ಲೇ ಬರೆಯಿರಿ, ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಹಾಗೇ. ಹಳೇ ಪ್ರಶ್ನೆಪತ್ರಿಕೆಗಳಲ್ಲಿ ಪ್ರಶ್ನೆ ಕೇಳುವ ಪದಗಳು ಹತ್ತಿಪ್ಪತ್ತು, ಅವೇ ತಿರುಗಿ ತಿರುಗಿ ಬರುತ್ತವೆ. ಅವುಗಳ ಪಟ್ಟಿ ಮಾಡಿಕೊಂಡರೆ ಪ್ರಶ್ನೆ ಓದುವ ಭಯ ಹೋಗುತ್ತದೆ.

ಇದನ್ನು ಓದುತ್ತಿರುವ ಲೆಕ್ಚರರ್‌ಗಳಿಗೂ ಒಂದು ಮಾತು. 'ಇಷ್ಟು ಸುಲಭ, ಇದೂ ಬರಲ್ವಾ' ಅಂತ ದಯವಿಟ್ಟು ಹೇಳಬೇಡಿ. ಕೇಳಿದ ಹುಡುಗ ಮತ್ತೆ ನಿಮ್ಮ ಹತ್ತಿರ ಡೌಟ್ ತರುವುದಿಲ್ಲ. 'ನೀನು ತುಂಬಾ ಜಾಣ' ಅನ್ನುವುದೂ ಅಷ್ಟೇನೂ ಉಪಯೋಗ ಇಲ್ಲ. ಎರಡನೇ ಸಾಲಿನವರೆಗೆ ಸರಿಯಾಗಿದೆ, ಮೂರನೇ ಸಾಲಲ್ಲಿ ಚಿಹ್ನೆ ತಪ್ಪಿದೆ ಅಂತ ತೋರಿಸಿ. ಹಾಗೆ ಹೇಳಿದರೆ ಅವನಿಗೆ ಮುಂದೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ, ನಂಬಿಕೆಗೂ ಅದೇ ಆಸರೆ.

ಇನ್ನು ಮುಂದೂಡುವುದು. 'ಓದಿರಲಿಲ್ಲ, ಅದಕ್ಕೇ ಹೋಯ್ತು' ಅನ್ನುವುದು 'ಓದಿದರೂ ಹೋಯ್ತು' ಅನ್ನುವುದಕ್ಕಿಂತ ಕಮ್ಮಿ ನೋವು ಕೊಡುತ್ತದೆ. ಕೊನೆ ದಿನದವರೆಗೆ ಪುಸ್ತಕ ಮುಟ್ಟದಿರುವುದು ಎಷ್ಟೋ ಸಲ ಸೋಮಾರಿತನ ಅಲ್ಲ, ಆ ನೆಪವನ್ನು ಉಳಿಸಿಕೊಳ್ಳುವುದು. ಇದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳುತ್ತಾ ಕೂರಬೇಡಿ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಮ್ಮಿ ಮುಂದೂಡಿದರು. ನಿನ್ನೆ ಮೂರು ಲೆಕ್ಕ ಆಗಲಿಲ್ಲವಾ, ಇವತ್ತು ಮೂರು ಮಾಡಿ. ಆರು ಮಾಡಲು ಹೋಗಬೇಡಿ. ಬಾಕಿ ಬೆಳೆಯುತ್ತಾ ಹೋದರೆ ಮೂರನೇ ದಿನಕ್ಕೆ ಪುಸ್ತಕವೇ ಬೇಡ ಅನ್ನಿಸುತ್ತದೆ.

ಒಂದು ಎಚ್ಚರಿಕೆಯನ್ನೂ ಕೊಡಬೇಕು. ಹೀಗೆ ಮಾಡುತ್ತಾ ಹೋದರೆ ಮೊದಲ ಇಂಟರ್ನಲ್ಸ್‌ನಲ್ಲಿ ನಿಮಗೆ ಒಳ್ಳೆಯ ಮಾರ್ಕ್ಸ್ ಬರಬಹುದು. ಆಗ 'ಇನ್ನೇನು ಬಂತು' ಅಂತ ಕೈ ಬಿಡುವವರು ಬಹಳ ಜನ. ನಂಬಿಕೆ ಜಾಸ್ತಿಯಾದಾಗ ಶ್ರಮ ಕಮ್ಮಿಯಾಗುವುದನ್ನು ಜೆಫ್ರಿ ವ್ಯಾಂಕೂವರ್ ಅನ್ನುವ ಸಂಶೋಧಕರು 2000ದ ದಶಕದ ಶುರುವಿನಲ್ಲಿ ಪ್ರಯೋಗಗಳಲ್ಲೇ ತೋರಿಸಿದ್ದಾರೆ. ಬರೀ 'ನಂಬಿ, ನಂಬಿ' ಅನ್ನುವವರು ಈ ಭಾಗವನ್ನು ಹೇಳುವುದಿಲ್ಲ. ಪುಸ್ತಕ ಮುಚ್ಚಿ ಮಾಡುವ ಅಭ್ಯಾಸ ಇಲ್ಲೂ ಕಾಪಾಡುತ್ತದೆ. ಬರದಿದ್ದರೆ ಬರಲ್ಲ ಅಂತ ಅದು ಮುಖಕ್ಕೆ ಹೇಳುತ್ತದೆ, ಬಂದರೆ ಬಂತು ಅಂತಲೂ ಹೇಳುತ್ತದೆ.

ಕೊನೆಗೆ ನಿಮ್ಮ ಇನ್ನೊಂದು ಪ್ರಶ್ನೆ, ಬಿಟ್ಟುಬಿಡಲಾ ಅನ್ನುವುದು. ಬಿಎಸ್ಸಿ ಕೀಳಲ್ಲ, ಇಷ್ಟವಿದ್ದರೆ ಒಳ್ಳೆಯ ದಾರಿ. ಆದರೆ ಈಗ ತೀರ್ಮಾನ ಮಾಡಬೇಡಿ. ಹೆದರಿಕೆಯಿಂದ ಓಡುತ್ತಿದ್ದೀರೋ, ಬೇರೆ ಏನೋ ಬೇಕು ಅಂತ ಹೋಗುತ್ತಿದ್ದೀರೋ ಅನ್ನುವುದು ಈಗ ನಿಮಗೇ ಗೊತ್ತಾಗುವ ಸ್ಥಿತಿಯಲ್ಲಿಲ್ಲ. ಬಿಎಸ್ಸಿಯಲ್ಲೂ ಗಣಿತ ತೆಗೆದುಕೊಂಡರೆ ಅದೇ ಅರ್ಧ ಕೋನದ ಸೂತ್ರ ಅಲ್ಲೂ ಎದುರಾಗುತ್ತದೆ. ಈ ಸೆಮ್ ಹೀಗೆ ನಡೆಸಿ ನೋಡಿ. ಲೆಕ್ಕ ಬರುತ್ತಿದೆ, ಆದರೂ ಈ ಕೆಲಸ ನನಗೆ ಬೇಡ ಅನ್ನಿಸಿದರೆ ಆಗ ಹೋಗಿ, ತಲೆ ಎತ್ತಿಕೊಂಡು ಹೋಗಿ. ಮನೆಯಲ್ಲಿ ಬ್ಯಾಕ್ ವಿಷಯ ಹೇಳಿಲ್ಲ ಅಂತಿದ್ದರೆ ಈಗಲೇ ಹೇಳಿ. ಮುಚ್ಚಿಟ್ಟುಕೊಂಡು ಓದುವುದು ಎರಡು ಪಟ್ಟು ಭಾರ. ಒಂದು ಪೇಪರ್ ನಿಂತಿದೆ, ಮುಂದಿನ ಪರೀಕ್ಷೆಯಲ್ಲಿ ಬರೆಯುತ್ತೇನೆ, ದಿನಾ ಇಷ್ಟು ಮಾಡುತ್ತಿದ್ದೇನೆ ಅಂತ ಅಪ್ಪನಿಗೆ ಸಮಾಧಾನವಾಗಿ ಹೇಳಿದರೆ ಸಾಕು.

ಇದರ ಜೊತೆಗೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಯಾರ ಜೊತೆಗೂ ಮಾತು ಬೇಡ, ಬದುಕೇ ಬೇಡ ಅನ್ನುವಂಥ ಯೋಚನೆ ಬರುತ್ತಿದ್ದರೆ ಅದು ಓದುವ ಅಭ್ಯಾಸದ ಪ್ರಶ್ನೆ ಅಲ್ಲ. ಆಗ ಮೂರು ಲೆಕ್ಕ ಗಿಕ್ಕ ಎಲ್ಲ ಪಕ್ಕಕ್ಕಿಟ್ಟು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಣ ಕೊಡಬೇಕಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರೂಮ್‌ಮೇಟ್‌ಗೂ ಹೇಳಿ.

ಅಂಥದ್ದೇನೂ ಇಲ್ಲದಿದ್ದರೆ ಇವತ್ತು ಎರಡು ಕೆಲಸ. ಬ್ಯಾಕ್ ಪೇಪರಿಗೆ ಫೀ ಕಟ್ಟಲು ಕೊನೇ ದಿನ ಯಾವುದು ಅಂತ ಆಫೀಸಿನಲ್ಲಿ ಕೇಳಿಕೊಳ್ಳಿ, ಈ ಗಡಿಬಿಡಿಯಲ್ಲಿ ಅದನ್ನೇ ಮರೆತು ಕೂತವರಿದ್ದಾರೆ. ಸಂಜೆ ಆ ಕಾರ್ಡಿಯಾಯ್ಡ್ ಲೆಕ್ಕವನ್ನು ಪುಸ್ತಕ ಮುಚ್ಚಿ ಮಾಡಿ ನೋಡಿ. ಒಂದು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ಮಾರ್ಕ್ಸ್ ಎಷ್ಟು ಬಂತು ಅಂತ ಬೇಡ, ಕೈ ಎಲ್ಲಿ ನಿಲ್ಲುತ್ತಿದೆ ಅಂತ ಬರೆಯಿರಿ.